ಹತ್ತು ಎಣಿಸುವ ಬೆಂಚು

ಕಳೆದ ವಾರ ಪೀಣ್ಯದ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಒಳರಸ್ತೆಗೆ ತಿರುಗಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ, ಲೇತ್ ಯಂತ್ರದ ಎಣ್ಣೆ, ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆ, ಈ ಮೂರೂ ಕಲೆತ ವಾಸನೆ. ಇದನ್ನು ಯಾರೂ ಅತ್ತರು ಮಾಡಿ ಮಾರಲಾರರು. ನನಗೆ ಮಾತ್ರ ಒಂದು ಇಡೀ ಮಳೆಗಾಲವನ್ನು ಅದರೊಳಗೆ ಮಡಿಚಿಟ್ಟಂತೆ ಅನ್ನಿಸುತ್ತದೆ. ನನ್ನ ಗಂಡ ಗಿರೀಶ ತೀರಿಕೊಂಡ ವರ್ಷದ ಮಳೆಗಾಲ ಅದು. ರಸ್ತೆ ಬದಿಯ ಟೀ ಅಂಗಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದೆ ಹೋದೆ.

ನಾವಿಬ್ಬರೂ ಕೆಲಸ ಮಾಡುತ್ತಿದ್ದುದು ನಾಗಭೂಷಣ ಎಂಬುವರ ಸಣ್ಣ ಕಾರ್ಖಾನೆಯಲ್ಲಿ. ಕೆಳಗೆ ಗೋದಾಮು, ಮೇಲೆ ಉದ್ದನೆಯ ಒಂದು ಹಜಾರ, ಅದರ ತುಂಬ ಕೆಲಸದ ಬೆಂಚುಗಳು. ಹಳ್ಳಿಗಳ ಡೈರಿಯಲ್ಲಿ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ಟ್ಯಾಂಕುಗಳಿರುತ್ತವಲ್ಲ, ಅವುಗಳ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಕಾರ್ಡುಗಳು ಅಲ್ಲಿ ತಯಾರಾಗುತ್ತಿದ್ದವು. ಕಾರ್ಡಿನ ನಕ್ಷೆ ಹಾಕುವವನು ಗಿರೀಶ. ಗುಣಮಟ್ಟ ನೋಡುವವಳು ನಾನು. ಮನೆಯಲ್ಲೂ ನನ್ನ ತಪ್ಪು ಹುಡುಕುತ್ತೀಯ, ಇಲ್ಲೂ ಅದೇ ಕೆಲಸ, ನಿನಗೆ ಎರಡು ಸಂಬಳ ಕೊಡಬೇಕು ಎಂದು ಗೊಣಗುತ್ತಿದ್ದ. ಅವನ ಗೊಣಗಾಟದಲ್ಲಿ ಸಿಟ್ಟಿರುತ್ತಿರಲಿಲ್ಲ. ಯಾವುದರಲ್ಲೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ನನಗೆ ಸಿಟ್ಟು.

ಮೇ ತಿಂಗಳ ಒಂದು ಮಧ್ಯಾಹ್ನ, ಊಟದ ಡಬ್ಬಿ ತೆಗೆಯುವ ಮೊದಲು, ಎದೆ ಹಿಡಿದುಕೊಂಡು ಬೆಂಚಿನ ಮುಂದೆ ಕುಳಿತ. ಏಳಲಿಲ್ಲ. ನಾನು ಕೆಳಗೆ ಗೋದಾಮಿನಲ್ಲಿದ್ದೆ. ಯಾರೋ ಕೂಗಿದರು, ಮೇಲೆ ಓಡಿದೆ, ಆಮೇಲೆ ಆಂಬುಲೆನ್ಸು, ಆಸ್ಪತ್ರೆ, ನೆಂಟರು, ಹೋಮದ ಹೊಗೆ. ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ನಾನು ಬಸ್ಸು ಹತ್ತಿ ಕೆಲಸಕ್ಕೆ ಬಂದೆ. ಎಷ್ಟು ಗಟ್ಟಿಗಿತ್ತಿ ಎಂದು ಎಲ್ಲರೂ ಹೇಳಿದರು. ಗಟ್ಟಿತನ ಏನೂ ಇರಲಿಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಬೇರೆಯವರದನ್ನು ಮುಟ್ಟಿದಂತೆ, ಹಾಗಿತ್ತು ನನ್ನ ಇಡೀ ಮೈ. ಅಳು ಬರುತ್ತದೆಯೇನೋ ಎಂದು ಕಾದೆ. ಬರಲಿಲ್ಲ. ಬದಲಿಗೆ ಜೂನ್ ಬಂತು, ಮಳೆ ಬಂತು.

ಇಲ್ಲಿ ನಮ್ಮ ಬೆಂಚಿನ ಒಂದು ಪದ್ಧತಿ ಹೇಳಬೇಕು, ಅದಕ್ಕೂ ಮೊದಲು ರೀಸೆಟ್ ಎಂದರೇನು ಎಂದು ಹೇಳಬೇಕು. ಕಾರ್ಡಿನ ನಡುವೆ ಒಂದು ಕರಿ ಚಿಪ್ ಇರುತ್ತದೆ, ಎಲ್ಲ ಲೆಕ್ಕ ಅದರದ್ದೇ. ಕರೆಂಟು ಬಂದಾಗ ಆ ಚಿಪ್‌ಗೆ ಬೇಕಾದ ವೋಲ್ಟೇಜು ತಟ್ಟನೆ ಬಂದು ನಿಲ್ಲುವುದಿಲ್ಲ. ತೊಟ್ಟಿಯಲ್ಲಿ ನೀರು ಏರಿದ ಹಾಗೆ ಏರುತ್ತದೆ. ಅರ್ಧ ಏರಿದಾಗಲೇ ಚಿಪ್ ಕೆಲಸಕ್ಕಿಳಿದರೆ ಲೆಕ್ಕ ಎಡವಟ್ಟಾಗುತ್ತದೆ. ಹಾಗಾಗಿ ಅದನ್ನು ಕೊಂಚ ಹೊತ್ತು ಹಿಡಿದು ಕೂರಿಸುವ ಏರ್ಪಾಡು ಬೇಕು. ಅದೇ ರೀಸೆಟ್. ನಮ್ಮ ಕಾರ್ಡಿನಲ್ಲಿ ಅದಕ್ಕಿದ್ದುದು ಕರೆಂಟಿನ ಹರಿವನ್ನು ತಡೆಯುವ ಒಂದು ರೆಸಿಸ್ಟರು, ಅದನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರು. ಕೆಪಾಸಿಟರು ಖಾಲಿ ಇರುವಷ್ಟು ಹೊತ್ತು ಚಿಪ್‌ಗೆ ಏಳಬೇಡ ಎಂಬ ಅಪ್ಪಣೆ. ರೆಸಿಸ್ಟರಿನ ಮೂಲಕ ಅದು ನಿಧಾನವಾಗಿ ತುಂಬುತ್ತದೆ. ಸಾಕಷ್ಟು ತುಂಬಿದ ಮೇಲೆ, ಈಗ ಏಳು, ಎಲ್ಲ ಮೊದಲಿಂದ ಶುರು ಮಾಡು ಎಂಬ ಅಪ್ಪಣೆ. ರೆಸಿಸ್ಟರು, ಕೆಪಾಸಿಟರು ದೊಡ್ಡದಾದಷ್ಟೂ ಕಾಯುವ ಹೊತ್ತು ಹೆಚ್ಚು. ನಿದ್ದೆಯಿಂದ ಎದ್ದವರ ಕೈಗೆ ತಕ್ಷಣ ಬಿಸಿ ಕಾಫಿ ಕೊಡಬಾರದು, ಸ್ವಲ್ಪ ಕಣ್ಣು ಬಿಡಲಿ ಎಂದು ಗಿರೀಶ ಹೊಸಬರಿಗೆ ವಿವರಿಸುತ್ತಿದ್ದ.

ಕೆಪಾಸಿಟರು ತುಂಬಲು ಹೊತ್ತು ಬೇಕಾದಂತೆ ಖಾಲಿಯಾಗಲೂ ಹೊತ್ತು ಬೇಕು. ಹೊಸಬರು ಅವಸರದಲ್ಲಿ ಸ್ವಿಚ್ಚನ್ನು ಟಕಟಕ ಎಂದು ಹಾಕಿ ತೆಗೆದು ಫ್ಯೂಸು ಸುಡುತ್ತಿದ್ದರು. ಅದಕ್ಕೆ ಗಿರೀಶ ಒಂದು ನಿಯಮ ಮಾಡಿದ್ದ. ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಎಣಿಸಬೇಕು. ಬೆಸುಗೆ ಹಾಕುವ ಕುಷ್ಟಗಿ ಕಡೆಯ ರೇಣುಕಾ ಒಂದ್, ಎಲ್ಡ್, ಮೂರ್ ಎಂದು ಜಗ್ಗಿ ಎಣಿಸುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ತಮಿಳು, ಆಚೆ ತೆಲುಗು. ಇಡೀ ದಿನ ಆ ಹಜಾರದಲ್ಲಿ ಮಗ್ಗಿ ಕಲಿಸುವ ಶಾಲೆಯ ಸದ್ದು. ಅವನು ಹೋದ ಮೇಲೆ ಹುಡುಗಿಯರು ಅವನ ಫೋಟೊಗೆ ಕಟ್ಟು ಹಾಕಿಸಿ ಬೆಂಚಿನ ಮೇಲ್ಗಡೆ ತೂಗುಹಾಕಿದರು. ದಿನಾ ಒಂದು ಮೊಳ ಮಲ್ಲಿಗೆ. ಎಣಿಕೆ ಮೊದಲಿಗಿಂತ ಶ್ರದ್ಧೆಯಿಂದ ನಡೆಯತೊಡಗಿತು. ಒಂಬತ್ತಕ್ಕೆ ನಿಲ್ಲಿಸಿದರೆ ಸರ್‌ಗೆ ಅವಮಾನ ಮಾಡಿದಂತೆ ಎಂದುಕೊಂಡಿದ್ದರು. ನಾನು ಆ ಫೋಟೊ ಕೆಳಗೆ ಓಡಾಡುತ್ತಿದ್ದೆ, ನೋಡುತ್ತಿರಲಿಲ್ಲ.

ಮಳೆ ಜೋರಾದಂತೆ ಕಾರ್ಡುಗಳು ವಾಪಸು ಬರತೊಡಗಿದವು. ಎಲ್ಲ ಸರ್ಜಾಪುರದಾಚೆಯ ಹಳ್ಳಿಗಳಿಂದ, ಒಂದೇ ದೂರು. ಯಂತ್ರ ನಿಂತುಹೋಗುತ್ತದೆ, ಹಾಲು ಒಡೆಯುತ್ತದೆ. ವಾಪಸು ಬಂದ ಕಾರ್ಡನ್ನು ಬೆಂಚಿಗೆ ಹಾಕಿದರೆ ಏನೂ ತೊಂದರೆ ಇಲ್ಲ. ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿದರೆ ಮುತ್ತಿನಂಥ ಕೆಲಸ. ಮತ್ತೆ ಕಳಿಸುತ್ತಿದ್ದೆವು, ಮತ್ತೆ ವಾಪಸು ಬರುತ್ತಿತ್ತು. ತವರುಮನೆ ಬಿಟ್ಟು ಬಾಳಲಾರದ ಹೊಸ ಸೊಸೆಯ ಥರ ಆಯಿತು ಇವುಗಳ ಕತೆ ಎಂದು ಯಾರೋ ಅಂದರು. ಉಳಿದವರು ನಕ್ಕರು. ನಾನೂ ನಕ್ಕಿರಬೇಕು.

ನಾಗಭೂಷಣರು ಒಂದು ದಿನ ನನ್ನನ್ನೂ ರೇಣುಕಾಳನ್ನೂ ಕರೆದರು. ಕೆಟ್ಟ ಮನುಷ್ಯರಲ್ಲ. ಆದರೆ ದೊಡ್ಡ ಡೈರಿಯವರು ಅವರ ಬೆನ್ನು ಹತ್ತಿದ್ದರು.

"ಬೆಂಚಲ್ಲಿ ಸರಿಯಾಗಿದೆ, ಹಳ್ಳಿಲಿ ಕೆಡತ್ತೆ ಅಂದ್ರೆ ಏನರ್ಥ? ಲೂಸ್ ಸಾಲ್ಡರಿಂಗ್. ವ್ಯಾನಲ್ಲಿ ಅಲ್ಲಾಡಿ ಬಿಟ್ಕೊಳತ್ತೆ," ಎಂದರು. "ಆ ಕಡೆಗೆ ಹೋಗಿರೋ ಕಾರ್ಡೆಲ್ಲ ಇವಳ ಕೈಯ್ಯಲ್ಲೇ ಆಗಿರೋದು."

ರೇಣುಕಾ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಅವಳ ಗಂಡ ಕುಂದಲಹಳ್ಳಿ ಕಡೆ ಕಟ್ಟಡದ ಕೆಲಸದಲ್ಲಿದ್ದವನು, ಬೆನ್ನಿಗೆ ಪೆಟ್ಟಾಗಿ ಮನೆಯಲ್ಲೇ ಮಲಗಿದ್ದ. ಮಗಳು ಇಲ್ಲೇ ಶಾಲೆಗೆ ಹೋಗುತ್ತಿದ್ದಳು. ಈ ಕೆಲಸ ಹೋದರೆ ಮೂರೂ ಜನ ಗಂಟುಮೂಟೆ ಕಟ್ಟಿ ಕುಷ್ಟಗಿ ಬಸ್ಸು ಹತ್ತಬೇಕು. ಇದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ನಾ ಕಾಟಾಚಾರದ ಕೆಲಸ ಮಾಡಿಲ್ರಿ ಸರ್," ಎಂದಳು. "ಆದ್ರ ಕೈ ಯಾವಾಗಾರ ತಪ್ಪಿರಬೋದು. ಇಲ್ಲ ಅಂತ ಹ್ಯಾಂಗ ಹೇಳ್ಲಿ?"

ಕೊನೆಯ ಸಲ ಇಬ್ಬರೂ ಆ ಕಡೆಯ ಡೈರಿಗೆ ಹೋಗಿ ನೋಡಿಕೊಂಡು ಬನ್ನಿ, ಬೆಸುಗೆಯೇ ತಪ್ಪಾಗಿದ್ದರೆ ಇವಳನ್ನು ಬಿಡಿಸಬೇಕಾಗುತ್ತದೆ ಎಂದರು ನಾಗಭೂಷಣರು. ನಾನು ಆಯ್ತು ಸಾರ್ ಎಂದೆ. ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಆಯ್ತು ಎನ್ನುತ್ತಿದ್ದೆ.

ಕಂಪನಿಯ ವ್ಯಾನು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ತೆವಳಿತು. ರಿಂಗ್ ರೋಡಿನಲ್ಲಿ ಕಾರುಗಳು ಹೊಟ್ಟೆವರೆಗೆ ನೀರಲ್ಲಿ ನಿಂತಿದ್ದವು. ರೇಣುಕಾ ಬೆಸುಗೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಒಂದು ಸಲ ಮಾತ್ರ, "ಅಕ್ಕಾರ, ನನ್ನ ತಪ್ಪಿದ್ರ ನೀವ್ ಮುಚ್ಚಿಡಬ್ಯಾಡ್ರಿ. ಇಲ್ಲದಿದ್ರ ಅದನ್ನೂ ಹೇಳ್ರಿ," ಎಂದಳು. ನಾನು ಹೂಂ ಎಂದೆ. ಅವಳಿಗಾಗಿ ಕಳವಳಪಡಬೇಕೆಂದು ಗೊತ್ತಿತ್ತು. ಕಳವಳ ಬರಲಿಲ್ಲ.

ಸರ್ಜಾಪುರ ದಾಟಿ, ಹೊಸ ಅಪಾರ್ಟ್‌ಮೆಂಟುಗಳೂ ಮುಗಿದು, ರಾಗಿ ಹೊಲ ಶುರುವಾದ ಮೇಲೆ ಆ ಡೈರಿ. ಶೀಟಿನ ಮನೆ, ಒಳಗೆ ಟ್ಯಾಂಕು. ಕಾರ್ಯದರ್ಶಿ ನಾರಾಯಣಪ್ಪ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಬೈದರು. ಬೈದು ಮುಗಿದ ಮೇಲೆ ಒಳಗೆ ಕರೆದು ಕುರ್ಚಿ ಹಾಕಿದರು, ಕುಡಿಯಲು ಮಜ್ಜಿಗೆ ತರಿಸಿದರು.

"ನೋಡಿ ಮೇಡಂ, ಈ ನಂಬರ್ ನಾಲ್ಕು ಅಂತ ತೋರಿಸ್ತದೆ. ನಾಲ್ಕು ಡಿಗ್ರಿ ಇದ್ರೆ ಹಾಲು ಚೆನ್ನಾಗೈತೆ ಅಂತ ನೀವೇ ತಾನೆ ಏಳ್ಕೊಟ್ಟಿದ್ದು? ಮೊನ್ನೇನೂ ನಾಲ್ಕೇ ಇತ್ತು. ಲೈಟ್ ಉರೀತಿತ್ತು, ನಂಬ್ಕೊಂಡು ಮನೆಗೋದ್ವಿ. ಬೆಳಗ್ಗೆ ಮುಚ್ಚಳ ತೆಗುದ್ರೆ ಗಬ್ಬು ವಾಸ್ನೆ. ಊರೋರೆಲ್ಲ ಕರೆದಿದ್ದ ಹಾಲು ಮೋರಿಗೆ ಬಿಟ್ವಿ ಮೇಡಂ. ನನ್ನ ಎಂಡ್ರು ಅತ್ಲು, ಮಗು ತೀರ್ಕೊಂಡಂಗೆ ಅತ್ಲು."

ಆ ಹೆಂಗಸು ಅತ್ತ ಸಂಗತಿ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಹಾಲಿಗೆ ಅಷ್ಟು ಸಲೀಸಾಗಿ ಅಳಬಲ್ಲಳಲ್ಲ ಎಂದು.

ರೇಣುಕಾ ಕಾರ್ಡು ತೆಗೆದು, ಭೂತಗನ್ನಡಿ ಹಿಡಿದು ಒಂದೊಂದು ಬೆಸುಗೆಯನ್ನೂ ನನಗೆ ತೋರಿಸಿದಳು. ಎಲ್ಲ ಗಟ್ಟಿಯಾಗಿದ್ದವು. ವಾಪಸು ಹಾಕಿ ಚಾಲೂ ಮಾಡಿದೆವು. ಹೊರಗೆ ಗಾಳಿ ಎದ್ದಿತು, ತೆಂಗಿನ ಗರಿಗಳು ಕಂಬದ ತಂತಿಗೆ ಒರಗಿ ಒರಗಿ ಏಳುತ್ತಿದ್ದವು. ಹಾಗೇ ನೋಡುತ್ತಿದ್ದಾಗ ಟ್ಯೂಬ್‌ಲೈಟು ಒಮ್ಮೆ ಕಣ್ಣು ಮಿಟುಕಿಸಿತು. ಹೋಯಿತು ಅನ್ನುವಷ್ಟರಲ್ಲಿ ಬಂತು. ಟ್ಯಾಂಕಿನ ಮೋಟಾರಿನ ಗುಂಯ್‌ ಸದ್ದು ಅದರ ಜೊತೆಗೆ ನಿಂತಿತು, ಮತ್ತೆ ಶುರುವಾಗಲಿಲ್ಲ. ಅಂಕಿ ಮಾತ್ರ ಹಾಗೇ ಉರಿಯುತ್ತಿತ್ತು. ನಾಲ್ಕು. ನಾನು ಬಹಳ ಹೊತ್ತು ಅದನ್ನು ನೋಡುತ್ತ ಕುಳಿತೆ. ಒಳಗೆ ಯಾವುದೂ ನಡೆಯುತ್ತಿಲ್ಲ, ಮುಖದ ಮೇಲೆ ಎಲ್ಲ ಸರಿಯಿದೆ ಎಂಬ ಅಂಕಿ. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

ರೇಣುಕಾ ಅಭ್ಯಾಸಬಲದಿಂದ ಮೇನ್ ಸ್ವಿಚ್ ಆಫ್ ಮಾಡಿ ಎಣಿಸತೊಡಗಿದಳು. ಒಂದ್, ಎಲ್ಡ್, ಮೂರ್. ಅವಳು ಏಳಕ್ಕೆ ಬರುವಷ್ಟರಲ್ಲಿ ನನಗೆ ತಿಳಿದುಹೋಯಿತು. ಹತ್ತಕ್ಕೆ ಆನ್ ಮಾಡಿದಳು. ಮೋಟಾರು ಗುಂಯ್‌ ಎಂದಿತು.

"ಈಗ ಚಲೋ ಐತಲ್ರಿ," ಎಂದಳು, ಇನ್ನಷ್ಟು ಹೆದರಿ.

"ನೀನು ಎಣಿಸಿದ್ದಕ್ಕೆ ಸರಿಯಾಯ್ತು ಕಣೇ," ಎಂದೆ.

ಹತ್ತು ಎಣಿಸುವಷ್ಟು ಹೊತ್ತು ಕರೆಂಟು ಹೋದರೆ ಕೆಪಾಸಿಟರು ಪೂರ್ತಿ ಖಾಲಿಯಾಗುತ್ತದೆ. ಕರೆಂಟು ಬಂದಾಗ ರೀಸೆಟ್ ಸರಿಯಾಗಿ ನಡೆಯುತ್ತದೆ, ಚಿಪ್ ಮೊದಲಿಂದ ಶುರು ಮಾಡುತ್ತದೆ. ಆದರೆ ಕರೆಂಟು ಬರೀ ಕಣ್ಣು ಮಿಟುಕಿಸಿದರೆ? ಚಿಪ್‌ನ ವೋಲ್ಟೇಜು ತಲೆ ಕೆಡುವಷ್ಟು ಇಳಿಯುತ್ತದೆ, ಕೆಪಾಸಿಟರು ಮಾತ್ರ ಇನ್ನೂ ತುಂಬಿಕೊಂಡೇ ಇರುತ್ತದೆ. ಹೀಗಾಗಿ ಚಿಪ್‌ಗೆ ತಾಳು ಎಂದು ಯಾರೂ ಹೇಳುವುದಿಲ್ಲ, ಮೊದಲಿಂದ ಶುರು ಮಾಡು ಎಂದೂ ಹೇಳುವುದಿಲ್ಲ. ಕೆಟ್ಟ ತಲೆಯಲ್ಲೇ ಅದು ಎಲ್ಲೋ ಸಿಕ್ಕಿಹಾಕಿಕೊಂಡು ಕೂರುತ್ತದೆ. ಅಂಕಿ ತೋರಿಸುವ ಭಾಗ ಬೇರೆ, ಅದು ಕೊನೆಗೆ ಕೇಳಿಸಿಕೊಂಡ ಸಂಖ್ಯೆಯನ್ನೇ ಹಿಡಿದುಕೊಂಡಿರುತ್ತದೆ. ಈಗಿನ ಚಿಪ್‌ಗಳ ಒಳಗೆ ಇಂಥದ್ದಕ್ಕೆಂದೇ ಕಾವಲು ಇರುತ್ತದೆ. ನಮ್ಮದು ಹಳೆಯ ಬಗೆಯದು, ಅದಕ್ಕೆ ಹೊರಗಿನಿಂದ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡನ್ನಾದರೂ ಹಾಕಿರಬೇಕಿತ್ತು. ಕರೆಂಟು ಇಳಿದಾಗ ಕೆಪಾಸಿಟರು ಅದರ ಮೂಲಕ ಸರ್ರನೆ ಖಾಲಿಯಾಗುತ್ತಿತ್ತು. ಅಕ್ಕಿಕಾಳಿನಷ್ಟು ವಸ್ತು. ನಕ್ಷೆಯಲ್ಲಿ ಅದಿರಲಿಲ್ಲ. ನಕ್ಷೆ ಗಿರೀಶನದು.

ತಪ್ಪು ಅವನದು ಎಂಬುದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಆ ತಪ್ಪು ನಮಗೆ ಇಷ್ಟು ದಿನ ಕಾಣದಂತೆ ಮಾಡಿದ್ದು ಅವನದೇ ನಿಯಮ. ಬೆಂಚಿನಲ್ಲಿ ಯಾರೂ ಹತ್ತಕ್ಕಿಂತ ಮೊದಲು ಸ್ವಿಚ್ ಮುಟ್ಟುತ್ತಿರಲಿಲ್ಲ. ಕಾರ್ಖಾನೆಗೆ ಜನರೇಟರು, ಯುಪಿಎಸ್ಸು ಎಲ್ಲ ಇದ್ದುದರಿಂದ ಕರೆಂಟೂ ಅಲ್ಲಿ ಕಣ್ಣು ಮಿಟುಕಿಸುತ್ತಿರಲಿಲ್ಲ. ಹಳ್ಳಿಯ ಗಾಳಿಮಳೆಗೆ ಯಾರು ಹತ್ತು ಎಣಿಸಲು ಕಲಿಸಬೇಕು?

ಮರುದಿನ ಬೆಳಿಗ್ಗೆ ನಾಗಭೂಷಣರನ್ನೂ ಎಲ್ಲರನ್ನೂ ಬೆಂಚಿನ ಹತ್ತಿರ ಕರೆದೆ. ರೇಣುಕಾ ಮಾಡಿದ ಕಾರ್ಡೊಂದು, ಬೇರೆಯವರು ಮಾಡಿದ ಕಾರ್ಡೊಂದು ಎರಡನ್ನೂ ಹಾಕಿದೆ. ಫೋಟೊಗೆ ಆಗತಾನೆ ಹೂ ಏರಿಸಿದ್ದರು. ಅದರ ಕೆಳಗೆ ನಿಂತು, ಎಣಿಸದೆ, ಸ್ವಿಚ್ಚನ್ನು ಒಮ್ಮೆ ಟಕ್ಕೆಂದು ತೆಗೆದು ಹಾಕಿದೆ. ಯಾರೋ ಅಯ್ಯೋ ಎಂದರು. ಎರಡು ಕಾರ್ಡೂ ಸತ್ತವು, ಎರಡರ ಅಂಕಿಯೂ ಉರಿಯುತ್ತಿತ್ತು. ಮತ್ತೆ ಮಾಡಿದೆ. ಇನ್ನೆರಡು ಕಾರ್ಡು ಹಾಕಿ ಮಾಡಿದೆ. ಪ್ರತಿ ಸಲವಲ್ಲದಿದ್ದರೂ ಬಹಳ ಸಲ ಹಾಗೇ ಆಯಿತು.

"ಸಾಲ್ಡರಿಂಗ್ ಅಲ್ಲ ಸಾರ್, ಡಿಸೈನ್," ಎಂದೆ.

ನಾಗಭೂಷಣರು ನನ್ನನ್ನು ಪಕ್ಕಕ್ಕೆ ಕರೆದರು. ದನಿ ಇಳಿಸಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ವನಜಾ, ಈ ಲೈನಲ್ಲಿ ಎಲ್ಲಾರೂ ಗಿರೀಶ್ ಹೆಸರು ಗೌರವದಿಂದ ಹೇಳ್ತಾರೆ. ಅವನು ಬಂದು ಉತ್ತರ ಕೊಡಕ್ಕಾಗಲ್ಲ. ಡೈರಿಯವರಿಗೆ ಸಾಲ್ಡರಿಂಗ್ ಅಂತಾನೇ ಹೇಳ್ಬಿಡೋಣ. ಡಯೋಡ್ ಸುಮ್ನೆ ಹಾಕ್ಬಿಡೋಣ. ಆ ಹುಡುಗಿಗೆ ಬೇರೆ ಕಡೆ ನಾನೇ ಕೆಲಸ ನೋಡ್ತೀನಿ."

ರೇಣುಕಾ ದೂರದಲ್ಲಿ ನಿಂತಿದ್ದಳು. ಅವಳಿಗೆ ಮಾತು ಕೇಳಿಸಿರಲಾರದು, ವಿಷಯ ಗೊತ್ತಾಗಿತ್ತು.

"ತಪ್ಪು ಅವನದು ಸಾರ್. ಅವನ ಹೆಸರಲ್ಲೇ ಇರಲಿ," ಎಂದೆ.

ಇದನ್ನು ಆಮೇಲೆ ಬಹಳ ಜನ ಹೊಗಳಿದರು. ನಿಜ ಹೇಳಬೇಕೆಂದರೆ ಆಗ ನನಗೆ ಧೈರ್ಯವೂ ಬೇಕಾಗಲಿಲ್ಲ, ತ್ಯಾಗವೂ ಬೇಕಾಗಲಿಲ್ಲ. ಮರಗಟ್ಟಿದ ಬೆರಳಿನಿಂದ ಬಿಸಿ ಪಾತ್ರೆ ಎತ್ತಿದ ಹಾಗೆ ಆ ಮಾತನ್ನು ಎತ್ತಿಟ್ಟೆ. ನಾಗಭೂಷಣರು ಡೈರಿಯವರಿಗೆ ಫೋನು ಮಾಡಲು ಹೋದರು. ರೇಣುಕಾ ತನ್ನ ಬೆಂಚಿಗೆ ಹೋಗಿ ಕುಳಿತು, ಬೆಸುಗೆಯ ಸಲಾಕೆ ಬಿಸಿಯಾಗಲು ಇಟ್ಟಳು. ಯಾರೋ ಫೋಟೊ ತೆಗೆಯಬೇಕೇ ಎಂದು ಕೇಳಿದರು.

"ಯಾಕ ತೆಗೀಬೇಕು?" ಎಂದಳು ರೇಣುಕಾ. "ದೇವರಂತ ಹಾಕಿದ್ವೇನು? ನಮ್ ಸರ್ ಅಂತ ಹಾಕೀವಿ. ಇರ್ಲಿ ಬಿಡ್ರಿ."

ಅವತ್ತು ಸಂಜೆ ಮಳೆ ಬಿಟ್ಟಿತ್ತು. ಜಾಲಹಳ್ಳಿಯಲ್ಲಿ ನಾವಿದ್ದುದು ಮುನಿಯಮ್ಮ ಎಂಬುವರ ಮಹಡಿ ಮನೆ. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಬಾಡಿಗೆದಾರರನ್ನು ಬೆಳೆಯುತ್ತೇವೆ ಎಂದು ತಾವೇ ತಮಾಷೆ ಮಾಡುತ್ತಿದ್ದರು. ಬೀಗ ತೆಗೆದು ಒಳಗೆ ಹೋಗಿ, ಅಡುಗೆಮನೆಯ ಸಾಮಾನಿನ ಡಬ್ಬಗಳ ಮೇಲೆ ಗಿರೀಶ ಇಟ್ಟುಕೊಂಡಿದ್ದ ಬಿಡಿಭಾಗಗಳ ಡಬ್ಬಿ ಇಳಿಸಿದೆ. ಯಾಕೆ ಇಳಿಸಿದೆನೋ. ಬಿಸ್ಕತ್ತಿನ ತಗಡಿನ ಡಬ್ಬಿ, ಒಳಗೆ ಸಣ್ಣ ಸಣ್ಣ ಪೊಟ್ಟಣಗಳು. ಒಂದು ಪೊಟ್ಟಣದ ತುಂಬ ಡಯೋಡುಗಳಿದ್ದವು. ಅದೇ ಅಕ್ಕಿಕಾಳಿನಂಥವು, ಬೊಗಸೆ ತುಂಬುವಷ್ಟು. ಮನೆಯಲ್ಲಿ ಇಷ್ಟೊಂದು ಇಟ್ಟುಕೊಂಡು ಒಂದನ್ನು ಹಾಕಲು ಮರೆತಿದ್ದ.

"ಒಂದು ಡಯೋಡ್ ಕಣೋ," ಎಂದೆ, ಗಟ್ಟಿಯಾಗಿ. "ಒಂದೇ ಒಂದು ಡಯೋಡ್ ಹಾಕಕ್ಕಾಗಲಿಲ್ವ ನಿಂಗೆ?"

ಸಿಟ್ಟು ಬಂದಿತ್ತು. ಮೇ ತಿಂಗಳಿನಿಂದ ಮೊದಲ ಸಲ ನನಗೆ ಏನೋ ಅನ್ನಿಸಿತ್ತು, ಅದು ಸಿಟ್ಟು. ಎಲ್ಲರೂ ಅವನನ್ನು ಹೂವಿನ ಹಿಂದೆ ಇಟ್ಟು, ತಪ್ಪೇ ಮಾಡದವನನ್ನಾಗಿ ಮಾಡಿಬಿಟ್ಟಿದ್ದರು. ಅಂಥವನ ಜೊತೆ ನಾನು ಸಂಸಾರ ಮಾಡಿರಲಿಲ್ಲ. ನಾನು ಮಾಡಿದ್ದು ಗ್ಯಾಸು ಆರಿಸಲು ಮರೆಯುವವನ ಜೊತೆ, ಎದೆ ನೋವನ್ನು ವಾಯು ಎಂದು ತಿಂಗಳುಗಟ್ಟಲೆ ನುಂಗಿದವನ ಜೊತೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಈ ಕಾರ್ಡು ಮುಗಿಯಲಿ ಎಂದವನ ಜೊತೆ. ಡಬ್ಬಿಯನ್ನು ನೆಲಕ್ಕೆ ಬಡಿದೆ. ಡಯೋಡುಗಳು ಅಡುಗೆಮನೆ ತುಂಬ ಚೆಲ್ಲಿದವು. ಅವುಗಳ ನಡುವೆ ಕೂತು ಅವನನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತ ಅದು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ.

ಸದ್ದಿಗೆ ಮುನಿಯಮ್ಮ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ನೋಡಿದರು, ಒಳಗೆ ಬಂದರು. ಪಕ್ಕದಲ್ಲಿ ಕೂತರು.

"ಅಳವ್ವ," ಎಂದರು. "ನೀನು ದಿನಾ ಬ್ಯಾಗ್ ಆಕ್ಕೊಂಡು ಓಗೋದು ಬರೋದು ನೋಡಿ ನಾವೆಲ್ಲ ಸರೋಯ್ತು ಅನ್ಕೊಂಡಿದ್ವಿ. ಅಂಗೆ ನಂಬ್ಕೊಂಡು ಸುಮ್ಕಿದ್ವಿ."

ಆ ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಕಾರ್ಡುಗಳಿಗೂ ಡಯೋಡು ಬಿತ್ತು. ಡಯೋಡೂ ಪೂರ್ತಿ ಪರಿಹಾರವಲ್ಲವೆಂದು, ವೋಲ್ಟೇಜನ್ನು ಸದಾ ಗಮನಿಸುವ ಬೇರೆಯೇ ಒಂದು ಪುಟ್ಟ ಚಿಪ್ ಅನ್ನು ಹೊಸ ನಕ್ಷೆಯಲ್ಲಿ ಹಾಕಿದೆವು. ನಾನು ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿದೆ. ಆಮೇಲೆ ಕಾರ್ಖಾನೆಯ ಮೆಟ್ಟಿಲು ಹತ್ತಿದ್ದು ಕಳೆದ ವಾರವೇ. ಮಗಳ ಮದುವೆಗೆ ಕರೆಯಲು ಮನೆಗೆ ಬರುತ್ತೇನೆಂದು ರೇಣುಕಾ ಫೋನು ಮಾಡಿದ್ದಳು, ಬೇಡ, ನಾನೇ ಅಲ್ಲಿಗೆ ಬರುತ್ತೇನೆ ಎಂದಿದ್ದೆ.

ಈಗ ಟೆಸ್ಟಿಂಗ್ ವಿಭಾಗಕ್ಕೆಲ್ಲ ಅವಳೇ ಮೇಲ್ವಿಚಾರಕಿ. ತಲೆಗೂದಲು ನರೆತಿದೆ, ಕನ್ನಡಕ ಬಂದಿದೆ. ಹಜಾರಕ್ಕೆ ಬಣ್ಣ ಬಳಿದಾಗ ಫೋಟೊ ಎಲ್ಲಿಗೋ ಹೋಗಿದೆ, ಗೋಡೆ ಬರಿದಾಗಿದೆ. ನಾವು ಮಾತಾಡುತ್ತ ನಿಂತಿದ್ದಾಗ ಪಕ್ಕದ ಬೆಂಚಿನ ಹೆಂಗಸು ಸ್ವಿಚ್ ಆಫ್ ಮಾಡಿ ಬಾಯಿಬಿಟ್ಟು ಹತ್ತು ಎಣಿಸಿದಳು, ಆನ್ ಮಾಡಿದಳು, ಅಂಕಿ ನೋಡಿದಳು. ರೇಣುಕಾ ಅವಳತ್ತ ತಿರುಗಿ, "ಗಿರೀಶ್ ಸರ್ ಟೆಸ್ಟ್ ಆತೇನು?" ಎಂದು ಕೇಳಿದಳು.

"ಮಾಡ್ತೀನಿ ಅಕ್ಕ," ಎಂದು ಆ ಹೆಂಗಸು ಸ್ವಿಚ್ಚನ್ನು ಎಣಿಸದೆ ಟಕ್ಕೆಂದು ತೆಗೆದು ಹಾಕಿದಳು.

ನಾನು ರೇಣುಕಾಳನ್ನು ನೋಡಿದೆ. ಅವಳು ಮದುವೆ ಕಾರ್ಡಿನ ಮೇಲಿನ ಅರಿಶಿನವನ್ನು ಬೆರಳಿಂದ ಒರೆಸುತ್ತಿದ್ದಳು.

"ಯಾರಮ್ಮ ಗಿರೀಶ್ ಸರ್ ಅಂದ್ರೆ?" ಎಂದು ಆ ಹೆಂಗಸನ್ನು ಕೇಳಿದೆ.

"ಗೊತ್ತಿಲ್ಲ ಮೇಡಂ. ಕರೆಂಟ್ ಸಡನ್ನಾಗಿ ಹೋಗಿ ಬಂದ್ರೆ ಕಾರ್ಡ್ ಎದ್ದೇಳತ್ತಾ ಅಂತ ನೋಡೋ ಟೆಸ್ಟಿಗೆ ಹಂಗಂತೀವಿ. ಇದಾಗ್ದೆ ಒಂದು ಕಾರ್ಡೂ ಆಚೆ ಕಳ್ಸಲ್ಲ."

ಅವಳ ಪಕ್ಕದಲ್ಲಿ ಇನ್ನೊಂದು ಕಾರ್ಡಿತ್ತು. ನಾನು ಮಾಡಲೇ ಎಂದು ಕೇಳಿ, ಸ್ವಿಚ್ ಮೇಲೆ ಬೆರಳಿಟ್ಟೆ. ತೆಗೆದು ಹಾಕಿದೆ. ಅಂಕಿ ಆರಿತು. ಕಾರ್ಡು ಕತ್ತಲಾಗಿ ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಮೊದಲಿಂದ ಶುರು ಮಾಡಿತು.